ಅಜ್ಜನ ಎದೆಯ ಯಂತ್ರವೂ ಬೊಂಬಾಯಿಯ ಬಾಗಿಲೂ

ಇದನ್ನು ನೀವು ನಂಬುವುದಿಲ್ಲ, ನನಗೆ ಗೊತ್ತು. ನಮ್ಮ ಊರಲ್ಲೇ ಯಾರೂ ನಂಬಿಲ್ಲ. ಶಾಲೆಯಲ್ಲಿ ನನ್ನ ಪಕ್ಕ ಕೂರುವ ಗಂಗಮ್ಮನಂತೂ "ಹೊಳಿ ದಾಟಿ ಗಂಗಾವತಿಗೆ ಹೋದ್ರ ವಾಂತಿ ಮಾಡ್ಕೊಂತಿ, ನೀ ಬ್ಯಾಂಕಾಕಿಗೆ ಹೋಗಿದ್ದ್ಯಾ?" ಎಂದು ಇಡೀ ಕ್ಲಾಸಿನ ಮುಂದೆ ನಕ್ಕಳು. ಆದರೂ ಕೇಳಿ. ಎದೆಯೊಳಗೆ ಯಂತ್ರ ಇಟ್ಟುಕೊಂಡ ಒಬ್ಬ ಮುದುಕ, ಕಬ್ಬಿಣ ಹುಡುಕುವ ಬಾಗಿಲಿನ ನಟ್ಟನಡುವೆ ನಿಂತ. ಎರಡು ದೇಶಗಳ ಪೊಲೀಸರು ಅವನನ್ನು ತಡವಿ ನೋಡಿದರು, ಅವರಲ್ಲಿ ಒಬ್ಬ ಕೈಯನ್ನೂ ಮುಗಿದ. ಆ ಮುದುಕ ನನ್ನ ಅಜ್ಜ. ಪಕ್ಕದಲ್ಲಿ ಕಿರುಚಿಕೊಂಡವಳು ನಾನು.

ಕಂಪ್ಲಿ

ನಮ್ಮದು ಅಕ್ಕಿ ಗಿರಣಿ. ಕಾಲುವೆಗೆ ನೀರು ಬಂದ ಮೇಲೆ ಕಂಪ್ಲಿಯಲ್ಲಿ ಭತ್ತ ಬೆಳೆಯದ ಜಾಗವೆಂದರೆ ಬಸ್‌ಸ್ಟ್ಯಾಂಡ್ ಒಂದೇ. ಗಿರಣಿ ಕಟ್ಟಿದವನು ನನ್ನ ತಾಯಿಯ ಅಪ್ಪ, ಅಂದರೆ ಅಜ್ಜ. ಅವನಿಗೆ ಅವ್ವ ಒಬ್ಬಳೇ ಮಗಳು. ಅದಕ್ಕೇ ನಾವೆಲ್ಲ ಅವನ ಮನೆಯಲ್ಲೇ ಇದ್ದೇವೆ, ಮತ್ತು ಅದಕ್ಕೇ ಮನೆಯಲ್ಲಿ ಅವ್ವನ ಮಾತೇ ಕೊನೆಯ ಮಾತು.

ಹೋದ ವರ್ಷ ಅಜ್ಜ ಭತ್ತದ ರಾಶಿಯ ಮೇಲೆ ಕುಸಿದು ಬಿದ್ದ. ಬೆಂಗಳೂರಿಗೆ ಒಯ್ದೆವು. ಹೃದಯ ನಡುನಡುವೆ ಬಡಿಯುವುದನ್ನೇ ಮರೆಯುತ್ತಿದೆ ಎಂದರು. ಎಡಗಡೆ ಕೊರಳೆಲುಬಿನ ಕೆಳಗೆ, ಚರ್ಮದ ಅಡಿಯಲ್ಲಿ, ಬೆಂಕಿಪೊಟ್ಟಣದಷ್ಟು ಒಂದು ಯಂತ್ರ ಇಟ್ಟರು. ಪೇಸ್‌ಮೇಕರ್. ಹೃದಯ ಮರೆತಾಗ ಅದು ನೆನಪು ಮಾಡಿಕೊಡುತ್ತದೆ. ನಾನು ಪರೀಕ್ಷೆಯಲ್ಲಿ ಮರೆತಾಗ ನೆನಪು ಮಾಡಿಕೊಡುವ ಯಂತ್ರ ಇದೆಯೇ ಎಂದು ಕೇಳಿದೆ. ಡಾಕ್ಟರು ನಗಲಿಲ್ಲ.

ಅವರು ಹೇಳಿದ್ದು ಸಣ್ಣ ಮಾತು. "ದೊಡ್ಡ ಮೋಟಾರು, ದೊಡ್ಡ ಅಯಸ್ಕಾಂತ, ವೆಲ್ಡಿಂಗು, ಇವುಗಳಿಂದ ಒಂದು ಮಾರು ದೂರ ಇರಿ. ಬಾಕಿ ಎಲ್ಲ ಮಾಮೂಲು." ಒಂದು ಮಾರು ಎಂದರೆ ಎರಡೂ ಕೈ ಚಾಚಿದಷ್ಟು. ಅವ್ವ ಆ ಮಾರನ್ನು ಎಳೆದೆಳೆದು ಉದ್ದ ಮಾಡಿದಳು. ನಾನು ಮಾತು ಎಳೆಯುವುದನ್ನು ಯಾರಿಂದ ಕಲಿತೆ ಎಂದು ಕೇಳುವವರು ಈ ಸಾಲನ್ನು ಎರಡು ಸಲ ಓದಬೇಕು. ಗಿರಣಿಯಲ್ಲಿ ಮೋಟಾರಿದೆ. ಭತ್ತದೊಳಗಿನ ಮೊಳೆ, ತಂತಿ ಹಿಡಿಯಲು ಅಯಸ್ಕಾಂತವೂ ಇದೆ. ಹಾಗಾಗಿ ಅಜ್ಜ ಗಿರಣಿಯೊಳಗೆ ಕಾಲಿಡುವಂತಿಲ್ಲ ಎಂದಳು. ಹೊರಗೆ ಬೇವಿನ ಮರದ ಕೆಳಗೆ ಕುರ್ಚಿ ಹಾಕಿಸಿದಳು.

ಅಷ್ಟಕ್ಕೆ ಮುಗಿಯಲಿಲ್ಲ. ಸಂಡೂರಿನ ನಂಟರ ಮದುವೆಗೆ ಅಜ್ಜನನ್ನು ಕಳಿಸಲಿಲ್ಲ.

"ಯಾಕವಾ?" ಎಂದ ಅಜ್ಜ.

"ಆ ಗುಡ್ಡೆಲ್ಲಾ ಕಬ್ಬಿಣ ಐತಿ. ದೋಣಿಮಲೈ ಅಂತೂ ಬುಡದಿಂದ ತುದಿತನ ಕಬ್ಬಿಣ. ಎದ್ಯಾಗಿನ ಯಂತ್ರ ಎಳಕೊಂಬಿಟ್ರ?"

"ಗುಡ್ಡ ನನ್ನ ಎಳಕೊಂತತೇನ? ಅಲ್ಲೇ ಹುಟ್ಟಿ ಬೆಳದ ಮಂದಿ ಗುಡ್ಡಕ್ಕ ಅಂಟಿಕೊಂಡು ಕುಂತಾರೇನ?"

"ಅವರ ಎದ್ಯಾಗ ಯಂತ್ರ ಇಲ್ಲ."

ಹೊಸಪೇಟೆಯಲ್ಲಿ ಅದಿರಿನ ಲಾರಿ ಎದುರು ಬಂದರೆ ಅವ್ವ ಅಜ್ಜನಿಗೂ ಲಾರಿಗೂ ನಡುವೆ ಅಡ್ಡ ನಿಲ್ಲುತ್ತಿದ್ದಳು, ಸೆರಗನ್ನು ಪರದೆಯಂತೆ ಹಿಡಿದು. ಹೊಸಪೇಟೆಯಲ್ಲಿ ಲಾರಿಗಳು ಎಷ್ಟು ಎಂದು ನಿಮಗೆ ಗೊತ್ತಿದ್ದರೆ ಅವ್ವನ ಸೆರಗಿಗೆ ಎಷ್ಟು ಕೆಲಸ ಎಂಬುದೂ ಗೊತ್ತಾಗುತ್ತದೆ. ಅವಳ ತಿಳಿಬಣ್ಣದ ಸೀರೆಗಳೆಲ್ಲ ಅದಿರಿನ ಧೂಳಿಗೆ ಕೆಂಪಗಾದವು.

ಅಜ್ಜ ಸೊರಗಿದ. ಯಂತ್ರದಿಂದಲ್ಲ, ಕುರ್ಚಿಯಿಂದ. ಗಿರಣಿಯ ಸದ್ದು ಕೇಳಿಯೇ "ಬೆಲ್ಟ್ ಸಡಲಾಗೇತಿ" ಎನ್ನುತ್ತಿದ್ದ. ಒಳಗೆ ಹೋಗಿ ಬಿಗಿ ಮಾಡಿಸುವಂತಿರಲಿಲ್ಲ. ಊಟದಲ್ಲಿ ನುಚ್ಚು, ಅಂದರೆ ಗಿರಣಿಯಲ್ಲಿ ಒಡೆದ ಅಕ್ಕಿ, ಕಂಡರೆ ತಟ್ಟೆ ಸರಿಸುತ್ತಿದ್ದ.

ಆಗಲೇ ಬ್ಯಾಂಕಾಕಿನಿಂದ ಕರೆ ಬಂತು. ಅಕ್ಕಿಗೆ ಹೊಳಪು ಕೊಡುವ ಹೊಸ ಯಂತ್ರ ಮಾರುವ ಒಬ್ಬ ವ್ಯಾಪಾರಿ, ಗಿರಣಿಯವರು ಬಂದು ನೋಡಲಿ, ಜೊತೆಗೊಬ್ಬರನ್ನು ಕರೆತರಲಿ ಎಂದಿದ್ದ. ಅಪ್ಪ ಹೋಗಬೇಕಿತ್ತು. ಆದರೆ ಅಪ್ಪ ಹಂಪಿಯ ಮಾತಂಗ ಬೆಟ್ಟದ ಅರ್ಧ ಹತ್ತಿ ಕಣ್ಣು ಮುಚ್ಚಿಕೊಂಡು ಕೂತವರು. ಅವರನ್ನು ನಾಲ್ಕು ಜನ ಬಾಳೆಗೊನೆಯಂತೆ ಹೊತ್ತು ಇಳಿಸಿದ್ದಾರೆ. ವಿಮಾನದ ಮಾತೆತ್ತಿದರೆ ಅವರ ಮುಖ ಸುಣ್ಣ.

"ನಾ ಹೊಕ್ಕೀನಿ" ಎಂದ ಅಜ್ಜ. "ಇಂಗ್ಲೀಷಿಗೆ ಇಕಿ ಬರ್ತಾಳ."

ನನ್ನ ಇಂಗ್ಲಿಷು ಹೊಸಪೇಟೆಯ ಕಾನ್ವೆಂಟಿನದು. ಗಂಗಾವತಿಯವರೆಗೆ ನಡೆಯುತ್ತದೆ.

"ವಿಮಾನದ ಊರಾಗ ಕಬ್ಬಿಣ ಹುಡುಕೋ ಬಾಗಲ ಇರ್ತತಂತ" ಎಂದಳು ಅವ್ವ. "ಅದರಾಗ ಹೋದ್ರ ಅಷ್ಟ."

ಬೆಂಗಳೂರಿಗೆ ತಪಾಸಣೆಗೆ ಹೋದಾಗ ಅವ್ವನೇ ಡಾಕ್ಟರನ್ನು ಕೇಳಿದಳು. ಅವರು ಹೇಳಿದ್ದನ್ನು ನಾನು ಎಳೆಯದೆ ಬರೆಯುತ್ತೇನೆ. "ಧಾರಾಳವಾಗಿ ಹೋಗಿ. ಮನೆ ಬಾಗಿಲು ದಾಟೋ ಹಾಗೆ ದಾಟಿ. ಅದರೊಳಗೆ ನಿಂತುಕೊಳ್ಳಬೇಡಿ, ಒರಗಬೇಡಿ. ಎದೆಯಲ್ಲಿ ಪೇಸ್‌ಮೇಕರ್ ಇದೆ ಅಂತ ಮೊದಲೇ ಹೇಳಿ. ಕೈಯಲ್ಲಿ ಒಂದು ಕೋಲು ಹಿಡಿದಿರ್ತಾರೆ, ಅದನ್ನ ಯಂತ್ರದ ಮೇಲೆ ಹಿಡಿದು ನಿಲ್ಲೋದು ಬೇಡ, ಕೈಯಿಂದ ತಡವಿ ನೋಡಲಿ. ಪೀಂ ಅಂದರೆ ಹೆದರಬೇಡಿ. ಲೋಹ ಕಂಡೆ ಅಂತ ಬಾಗಿಲು ಹೇಳುತ್ತೆ, ಅಷ್ಟೇ. ನಿಮ್ಮ ಯಂತ್ರ ಕೆಟ್ಟಿತು ಅಂತಲ್ಲ."

ಅವ್ವ ಬಸ್ಸಿನಲ್ಲಿ ಬಳ್ಳಾರಿಯವರೆಗೂ ಬೆರಳು ಮಡಚಿ ಲೆಕ್ಕ ಹಾಕಿದಳು. ಆಮೇಲೆ ತೀರ್ಪು ಕೊಟ್ಟಳು.

"ಹೋಗು. ಆ ಬಾಗಲ ದಾಟಿ ಏನೂ ಆಗದ ತಿರುಗಿ ಬಂದ್ರ, ಗಿರಣಿಯೊಳಗೂ ಹೋಗು. ನಾ ಬಾಯಿ ತೆಗ್ಯಂಗಿಲ್ಲ. ಆದ್ರ ಒಂದು ಏನರ ಆತು ಅಂದ್ರ, ಜೀವ ಇರೂತನ ಕುರ್ಚಿ."

ಅಜ್ಜ ತಕ್ಷಣ ಒಪ್ಪಿದ. ಊರಿಗೆ ಬಂದ ಮೇಲೆ ಕುರ್ಚಿಯ ಕಡೆ ತಿರುಗಿಯೂ ನೋಡಲಿಲ್ಲ.

ಬೊಂಬಾಯಿ

ವ್ಯಾಪಾರಿ ಕಳಿಸಿದ ವಿಮಾನದ ಟಿಕೆಟ್ಟು ಬೊಂಬಾಯಿಯಿಂದ ಇತ್ತು, ಅಲ್ಲಿಯವರೆಗೆ ರೈಲು. ರೈಲಿನ ಕಥೆ ಬಿಡಿ. ಅಜ್ಜ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಸಿಕೊಂಡು ಬಂದಿದ್ದ. ಚಟ್ನಿ ನೋಡಿ ಇಡೀ ಬೋಗಿಯವರು ನಮಗೆ ಸಂಬಂಧಿಕರಾದರು.

ವಿಮಾನ ನಿಲ್ದಾಣದ ನೆಲ ಎಷ್ಟು ನುಣುಪೆಂದರೆ ನಾನು ನಿಂತಲ್ಲೇ ಎರಡು ಸಲ ಜಾರಿದೆ. ಅಜ್ಜ ಚಪ್ಪಲಿ ಕೈಯಲ್ಲಿ ಹಿಡಿದು ನಡೆದ. "ಇಷ್ಟು ಸ್ವಚ್ಛ ಇಟ್ಟಾರ, ಯಾಕ ಹೊಲಸು ಮಾಡಬೇಕು?" ಎಂದ. ಹಿಂದೆ ಬರುತ್ತಿದ್ದ ಸೂಟಿನವರು ತಮ್ಮ ಬೂಟನ್ನು ನೋಡಿಕೊಂಡರು.

ಆಮೇಲೆ ಬಾಗಿಲು ಕಂಡಿತು.

ನಾನು ರಾಕ್ಷಸನ ಬಾಯಂಥದ್ದನ್ನು ಊಹಿಸಿದ್ದೆ. ಅಲ್ಲಿದ್ದದ್ದು ಬರೀ ಚೌಕಟ್ಟು. ಕದವಿಲ್ಲ, ಗೋಡೆಯಿಲ್ಲ. ನಮ್ಮ ಊರಲ್ಲಿ ಮನೆ ಕಟ್ಟುವಾಗ ಮೊದಲು ಬಾಗಿಲಿನ ಚೌಕಟ್ಟು ನಿಲ್ಲಿಸಿ ಪೂಜೆ ಮಾಡುತ್ತಾರಲ್ಲ, ಹಾಗೇ ಇತ್ತು. ಈ ಮಾತನ್ನು ನೆನಪಿಡಿ, ಏಕೆಂದರೆ ಅಜ್ಜನಿಗೂ ಹಾಗೇ ಕಂಡಿತು.

ನಾನು ಮುಂದೆ ಓಡಿ ಅಲ್ಲಿನ ಪೊಲೀಸ್ ಸಾಹೇಬರಿಗೆ ಹೇಳಿದೆ. "ಸರ್, ಗ್ರಾಂಡ್‌ಫಾದರ್, ಪೇಸ್‌ಮೇಕರ್." ಎದೆ ಮುಟ್ಟಿ ತೋರಿಸಿದೆ. ಅವರು ತಲೆಯಾಡಿಸಿ ಹಿಂದಿಯಲ್ಲಿ, ಚಿಂತೆ ಬೇಡ, ನಿಲ್ಲದೆ ನಡೆದು ಬರಲಿ ಎಂದರು. ಎಲ್ಲ ಸುಗಮವಾಗಿತ್ತು. ನಾನು ಬಾಗಿಲು ದಾಟಿ ಆಚೆ ನಿಂತು ಕೂಗಿದೆ.

"ಅಜ್ಜಾ, ಬಾ! ನಿಲ್ಲಬ್ಯಾಡ, ಸೀದಾ ಬಾ!"

ಅಜ್ಜ ಬಂದ. ಧೋತರ ಎತ್ತಿಕಟ್ಟಿ, ಬಲಗಾಲು ಮುಂದಿಟ್ಟು, ಗತ್ತಿನಿಂದ ಬಂದ. ಚೌಕಟ್ಟಿನೊಳಗೆ ಬಂದ. ನಿಂತ.

ನಿಂತು, ಬಗ್ಗಿದ. ಹೊಸ್ತಿಲು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಲು.

ಅಯ್ಯೋ! ನಾವು ಯಾರೂ ಇದನ್ನು ಯೋಚಿಸಿಯೇ ಇರಲಿಲ್ಲ. ಅಜ್ಜ ಯಾವ ಬಾಗಿಲನ್ನೂ ನಮಸ್ಕಾರ ಮಾಡದೆ ದಾಟಿದವನಲ್ಲ. ಮನೆ, ಗಿರಣಿ, ಬ್ಯಾಂಕು, ಒಮ್ಮೆ ಹೊಸಪೇಟೆಯ ಟಾಕೀಸಿನ ಬಾಗಿಲು ಕೂಡ. ಮನೆ ಬಾಗಿಲು ದಾಟುವ ಹಾಗೆ ದಾಟಿ ಎಂದು ಡಾಕ್ಟರು ಹೇಳಿದ್ದರು. ಅಜ್ಜ ಅಕ್ಷರಶಃ ಹಾಗೇ ದಾಟುತ್ತಿದ್ದ. ಇಲ್ಲಿ ಹೊಸ್ತಿಲೇ ಇರಲಿಲ್ಲ. ಅವನು ನೆಲದ ಮೇಲೆ ಕೈಯಾಡಿಸಿ ಹುಡುಕುತ್ತಿದ್ದ.

ಪೀಂ...!

ಆ ಸದ್ದು ಕಂಪ್ಲಿಗೆ ಕೇಳಿಸಿರಬೇಕು. ತುಂಗಭದ್ರೆಯ ಮೊಸಳೆಗಳು ನೀರಿಗೆ ಜಿಗಿದಿರಬೇಕು. ನಾನು ಅದಕ್ಕಿಂತ ಜೋರಾಗಿ ಕಿರುಚಿದೆ. ಕಣ್ಣ ಮುಂದೆ ಅವ್ವನ ಮುಖ, ಪಕ್ಕದಲ್ಲಿ ಬೇವಿನ ಮರದ ಕುರ್ಚಿ. ಸಾಲಿನಲ್ಲಿದ್ದ ಒಬ್ಬ ಹೆಂಗಸು ತನ್ನ ಮಗುವಿನ ಕಿವಿ ಮುಚ್ಚಿದಳು, ಬಾಗಿಲಿನ ಸದ್ದಿಗಲ್ಲ, ನನ್ನ ಬಾಯಿಗೆ ಹೆದರಿ.

"ಚಲೋ ಬಾಬಾ, ಚಲೋ, ರುಕೋ ಮತ್!" ಎಂದು ಸಾಹೇಬರು ನಿಲ್ಲದೆ ಬರುವಂತೆ ಕೈಬೀಸಿದರು.

ಅಜ್ಜ ಸಾವಕಾಶವಾಗಿ ನೆಟ್ಟಗಾದ. ಕಣ್ಣಿಗೆ ಬೆರಳೊತ್ತಿಕೊಂಡ. ಈಚೆ ಬಂದ.

"ಯಾಕ ಹಂಗ ಒದರ್ತೀಯಲೇ?" ಎಂದ ನನಗೆ. "ಸತ್ತವರನ್ನ ಎಬ್ಬಸ್ತಿ."

"ಪೀಂ ಅಂತಲ್ಲೋ ಅಜ್ಜಾ! ಏನರ ಆತಾ? ತಲಿ ತಿರಗತೈತಾ?"

"ಬಗ್ಗಿ ಎದ್ದಿದ್ದಕ್ಕ ಸೊಂಟ ಹಿಡದೇತಿ."

ಸಾಹೇಬರು ಕೈಯಲ್ಲಿ ಆ ಕೋಲು ಎತ್ತಿಕೊಂಡರು. ನಾನು ಅಡ್ಡ ಹಾರಿ, ಥೇಟ್ ಅವ್ವನಂತೆ, ದುಪಟ್ಟಾ ಪರದೆ ಹಿಡಿದು ನಿಂತೆ. ಅವರು ನಕ್ಕು ಕೋಲನ್ನು ಮೇಜಿನ ಮೇಲಿಟ್ಟರು. ಕೈಯಿಂದಲೇ ತಡವಿದರು. ಅಂಗಿಯೊಳಗೆ ಗಟ್ಟಿಯಾದದ್ದೇನೋ ಸಿಕ್ಕಿತು. ಅದು ಯಂತ್ರವಲ್ಲ. ಅಜ್ಜನ ಕೊರಳಿನ ಬೆಳ್ಳಿ ಕರಡಿಗೆ, ಒಳಗೆ ಇಷ್ಟಲಿಂಗ. ಮೊಟ್ಟೆಗಿಂತ ದೊಡ್ಡದು, ಗಟ್ಟಿ ಬೆಳ್ಳಿ.

"ಇದನ್ನ ತಗ್ಯಂಗಿಲ್ರಿ" ಎಂದ ಅಜ್ಜ ಕನ್ನಡದಲ್ಲೇ, ಎರಡೂ ಕೈಯಲ್ಲಿ ಮುಚ್ಚಿಕೊಂಡು. "ಜೀವ ಬೇಕಾದ್ರ ತಗೀರಿ."

ಸಾಹೇಬರಿಗೆ ಭಾಷೆ ತಿಳಿಯಲಿಲ್ಲ, ಕೈ ತಿಳಿಯಿತು. "ಲಿಂಗಾಯತ? ನಮ್ಮ ಸೋಲಾಪುರದಲ್ಲೂ ಇದ್ದಾರೆ" ಎಂದು ಹಿಂದಿಯಲ್ಲಿ ಹೇಳಿದರು. ಅಜ್ಜ ತಾನೇ ಮುಚ್ಚಳ ತೆಗೆದು ದೂರದಿಂದ ತೋರಿಸಿದ. ಅವರು ಮುಟ್ಟಲಿಲ್ಲ. "ಮುಂದಿನ ಸಲ ನಿಲ್ಲಬೇಡಿ ಬಾಬಾ" ಎಂದರು, ಅಷ್ಟೇ.

ಒಂದು ಬೆಂಚಿನ ಮೇಲೆ ಕೂತೆವು. ಡಾಕ್ಟರು ಕಲಿಸಿದ ಹಾಗೆ ಅಜ್ಜ ಮಣಿಕಟ್ಟಿನ ಮೇಲೆ ಬೆರಳಿಟ್ಟು ನಾಡಿ ನೋಡಿಕೊಂಡ. ನಾನು ಅವನ ಬೆರಳಿನ ಪಕ್ಕ ಕಿವಿ ಇಟ್ಟೆ. ಅಜ್ಜ ತುಟಿ ಅಗಲಿಸಿದ.

"ಹೊಸಾ ಬೆಲ್ಟ್ ಹಾಕಿದ ಗಿರಣಿ ಹಂಗ ನಡದೇತಿ ನೋಡು."

ನಾನು ಅತ್ತೆ. ಕಣ್ಣಿಗೆ ಕಸ ಬಿತ್ತು ಎಂದೆ. ಅಷ್ಟು ಸ್ವಚ್ಛ ಜಾಗದಲ್ಲಿ ಕಸ ಎಲ್ಲಿಂದ ಬಂತು ಎಂದು ಅಜ್ಜ ಕೇಳಲಿಲ್ಲ.

ಬ್ಯಾಂಕಾಕ್

ಅಲ್ಲಿಯ ಮಂದಿ ನಗುವುದನ್ನು ನೋಡಿ ನನಗೆ ಮೊದಲು ಅನುಮಾನ ಬಂತು. ನಮ್ಮ ಕಡೆ ಪರಿಚಯವಿಲ್ಲದವರು ನಕ್ಕರೆ ಬೆನ್ನಿಗೆ ಏನೋ ಅಂಟಿಸಿದ್ದಾರೆ ಎಂದರ್ಥ. ನಾನು ಮೊದಲ ದಿನ ಕನ್ನಡಿಯಲ್ಲಿ ಬೆನ್ನು ನೋಡಿಕೊಂಡೇ ಕಳೆದೆ.

ಊರ ತುಂಬ ಕಾಲುವೆ. ನಮ್ಮ ಕಾಲುವೆಯಲ್ಲಿ ಎಮ್ಮೆ ಈಜುತ್ತವೆ, ಅಲ್ಲಿ ಅಂಗಡಿಗಳೇ ಈಜುತ್ತವೆ. ದೋಣಿಯಲ್ಲಿ ತೆಂಗಿನಕಾಯಿ, ದೋಣಿಯಲ್ಲಿ ಒಲೆ. ಒಬ್ಬ ಮುದುಕಿ ದೋಣಿಯಲ್ಲೇ ಕೂತು ನನ್ನ ಮೂಗುಬೊಟ್ಟು ಮುಟ್ಟಿ ನೋಡಿದಳು. ಅಜ್ಜ ನಮ್ಮ ಹರಿಗೋಲನ್ನು ಅವಳಿಗೆ ವಿವರಿಸಲು ಹೋಗಿ ಕೈಯಲ್ಲಿ ದುಂಡಗೆ ತಿರುಗಿಸಿ ತೋರಿಸಿದ. ಅವಳು ಒಂದು ದೊಡ್ಡ ಬುಟ್ಟಿ ಮಾರಲು ತಂದಳು.

ಊಟದ್ದೇ ಫಜೀತಿ. ಅಜ್ಜ ಮೀನು ಮುಟ್ಟುವವನಲ್ಲ, ಅಲ್ಲಿ ಮೀನಿನ ರಸ ಹಾಕದ ಪದಾರ್ಥವೆಂದರೆ ನೀರು ಒಂದೇ. ಬಾಳೆಹಣ್ಣಿನ ಮೇಲೆ ಬದುಕಿದೆವು. "ನಮ್ಮ ಸುಗಂಧಿ ಬಾಳಿಯ ಕಾಲ ಧೂಳಿಗೂ ಬರಂಗಿಲ್ಲ" ಎನ್ನುತ್ತಲೇ ಅಜ್ಜ ದಿನಕ್ಕೊಂದು ಚಿಪ್ಪು ಮುಗಿಸಿದ. ಅಂಟು ಅಕ್ಕಿಯ ಅನ್ನ ತಂದಿಟ್ಟಾಗ ಮಾತ್ರ ಅವನಿಗೆ ನಿಜವಾಗಿ ನೋವಾಯಿತು. "ಪಾಪ, ಯಾರೋ ನೀರು ಹೆಚ್ಚು ಹಾಕ್ಯಾರ" ಎಂದು ಅಡುಗೆಯವನಿಗೆ ಕೇಳಿಸದಂತೆ ನನಗೆ ಹೇಳಿದ.

ಒಂದು ಗುಡಿಗೆ ಹೋದೆವು. ಹೊಸ್ತಿಲು ಮೊಣಕಾಲೆತ್ತರ. ಒಬ್ಬ ಹುಡುಗಿ ನನ್ನ ತೋಳು ಹಿಡಿದು ನಿಲ್ಲಿಸಿದಳು. ಹೊಸ್ತಿಲು ತುಳಿಯಬಾರದು, ದಾಟಬೇಕು ಎಂದು ಕಾಲೆತ್ತಿ ತೋರಿಸಿದಳು. ಅಜ್ಜನ ಮುಖ ನೋಡಬೇಕಿತ್ತು. "ಇವರು ನಮ್ಮವರ ಅದಾರಲೇ!" ಎಂದು ಬಗ್ಗಿ, ಈ ಸಲ ಹುಡುಕದೆ, ಮನಸ್ಸು ತುಂಬುವಷ್ಟು ನಮಸ್ಕಾರ ಮಾಡಿದ.

ಆ ಹೊಸ ಯಂತ್ರ ಹಾಕಿದ್ದ ಗಿರಣಿ ಊರ ಹೊರಗೆ ನದಿಯ ದಡದಲ್ಲಿತ್ತು. ಯಜಮಾನನೂ ಮುದುಕ. ಒಳಗೆ ಹೋಗುವ ಮೊದಲು ನಾನು ಎರಡೂ ಕೈ ಚಾಚಿ ಒಂದು ಮಾರು ಆಗಿ ನಿಂತೆ. ಮೋಟಾರಿನ ಕಡೆ ಹೋದಾಗ ಮೋಟಾರಿಗೂ ಅಜ್ಜನಿಗೂ ನಡುವೆ ನಾನು. ಅಯಸ್ಕಾಂತದ ಹತ್ತಿರವೂ ನಾನು. ಅಲ್ಲಿಯ ಕೆಲಸಗಾರರು ಭಾರತದಲ್ಲಿ ಹುಡುಗಿಯರು ಹೀಗೇ ನಡೆಯುತ್ತಾರೆ ಎಂದುಕೊಂಡಿರಬೇಕು.

ಅಜ್ಜ ವರ್ಷದ ಮೇಲೆ ಗಿರಣಿಯ ಒಳಗೆ ನಿಂತಿದ್ದ. ತೌಡಿನ ವಾಸನೆಗೆ ಮೂಗು ಅರಳಿಸಿ ಕಣ್ಣು ಮುಚ್ಚಿದ. ಅಕ್ಕಿಯ ರಾಶಿಗೆ ಮೊಣಕೈವರೆಗೆ ಕೈ ತೂರಿಸಿ ಒಂದು ಕಾಳು ತೆಗೆದು ಹಲ್ಲಿನ ನಡುವೆ ಇಟ್ಟು ಕಟ್ ಎನಿಸಿದ. ಯಜಮಾನನೂ ಒಂದು ಕಾಳು ತೆಗೆದು ಕಟ್ ಎನಿಸಿದ. ಇಬ್ಬರೂ ತಲೆಯಾಡಿಸಿದರು. ಇನ್ನೊಂದು ರಾಶಿಗೆ ಹೋದರು. ಕಟ್, ಕಟ್. ಅಜ್ಜ ಮುಖ ಕಿವುಚಿದ, ಯಜಮಾನನೂ ಕಿವುಚಿದ. ನನ್ನ ಇಂಗ್ಲಿಷು ಪೆಟ್ಟಿಗೆಯಲ್ಲೇ ಉಳಿಯಿತು. ಯಂತ್ರ ಮಾರುವ ವ್ಯಾಪಾರಿ ಟೈ ಬಿಗಿದುಕೊಂಡು ಅದರ ಗುಣ ವರ್ಣಿಸುತ್ತಲೇ ಇದ್ದ, ಕೇಳುವವರಿರಲಿಲ್ಲ.

ಹೊರಗೆ ಬಂದಾಗ ಅಜ್ಜ ಕೇಳಿದ, "ನಿಮ್ಮವ್ವ ಮಾತಿಗೆ ತಪ್ಪಂಗಿಲ್ಲಲ್ಲ?"

"ನೀ ಇನ್ನೊಂದು ಬಾಗಲ ಛಲೋ ದಾಟು. ಆಮ್ಯಾಲೆ ನೋಡೂಣು."

ಮತ್ತೆ ಬಾಗಿಲು

ಹೊರಡುವ ದಿನ ನಾನು ಅಜ್ಜನಿಗೆ ಪಾಠ ಮಾಡಿದೆ. "ನಮಸ್ಕಾರ ದೂರದಿಂದ. ಬಾಗಲ್ದಾಗ ಬಗ್ಗಂಗಿಲ್ಲ."

ಅಜ್ಜ ನಾಲ್ಕು ಹೆಜ್ಜೆ ಹಿಂದೆ ನಿಂತು ಬಾಗಿಲಿಗೆ ಕೈಮುಗಿದ. ಆಮೇಲೆ ಬಸ್ಸು ಹೊರಟಾಗ ಓಡುವವನಂತೆ ಸರಸರನೆ ದಾಟಿದ. ಬಾಗಿಲು ಪೀಂ ಎಂದಿತು. ಈ ಸಲ ನಾನು ಕಿರುಚಲಿಲ್ಲ, ಬರೀ ಅಜ್ಜನ ಅಂಗಿ ಹರಿಯುವಷ್ಟು ಎಳೆದೆ.

ಕಾವಲಿನವನು ಕೈಯಿಂದ ತಡವಿ, ಕರಡಿಗೆ ಮುಟ್ಟಿ, ಹುಬ್ಬೇರಿಸಿದ. ಅಜ್ಜ ಮುಚ್ಚಳ ತೆಗೆದು ತೋರಿಸಿದ. ಆಗ ಅವನು ಸುತ್ತ ನೋಡಿ, ತನ್ನ ಕಾಲರಿನೊಳಗೆ ಬೆರಳು ಹಾಕಿ ಸರ ಎಳೆದ. ಅದರ ತುದಿಯಲ್ಲಿ ಸಣ್ಣ ಡಬ್ಬಿ, ಡಬ್ಬಿಯಲ್ಲಿ ಬುದ್ಧ. ಅಜ್ಜನಿಗೆ ತೋರಿಸಿದ. ಎರಡು ಕೈ ಜೋಡಿಸಿ ಹಣೆಗೆ ತಂದ. ಅಜ್ಜನೂ ಜೋಡಿಸಿದ. ಹಿಂದಿನ ಸಾಲು ಕಾಯಿತು.

ಅಜ್ಜನ ನಾಡಿ ನಾನೇ ನೋಡಿದೆ. ಬರುತ್ತಿತ್ತು, ಬರುತ್ತಲೇ ಇತ್ತು.

ಕಂಪ್ಲಿ

ಹೊಸಪೇಟೆಯಲ್ಲಿ ಇಳಿದು ಸೀದಾ ಗಿರಣಿಯ ಅಂಗಳಕ್ಕೆ ಬಂದೆವು. ಅವ್ವ ಸಂತೆಗೆ ಹೋಗಿದ್ದಳು. ಅಜ್ಜ ಅವಳ ಒಪ್ಪಿಗೆಯಿಲ್ಲದೆ ಒಳಗೆ ಹೋಗಲಾರದೆ ಕುರ್ಚಿಯ ತುದಿಯಲ್ಲಿ ಕೂತ. ಹಮಾಲಿಗಳೆಲ್ಲ ಸುತ್ತ ನೆರೆದರು. ಅವರ ಮುಖಂಡ ಹನುಮಂತ ಕೇಳಿದ, "ಸಣ್ಣವ್ವಾ, ಆ ಬಾಗಲ ಎಂಥದು?"

ಇಷ್ಟು ಜನ, ಇಷ್ಟು ಬಾಯಿ ಬಿಟ್ಟುಕೊಂಡು, ನನ್ನ ಮುಂದೆ ಯಾವತ್ತೂ ಕೂತಿರಲಿಲ್ಲ. ನಾನು ಚೀಲದ ಮೇಲೆ ಹತ್ತಿ ನಿಂತೆ.

"ಬಾಗಲೇನೋ ಅದು? ಯಮನ ದವಡಿ! ಅಜ್ಜ ಕಾಲಿಟ್ಟಿದ್ದ ತಡ, ನೆಲ ಬಿಟ್ಟು ಗೇಣು ಮ್ಯಾಲೆ ಎದ್ದ. ವಿಮಾನದ ಊರಿನ ಲೈಟೆಲ್ಲಾ ಮಬ್ಬಾದವು. ಪೊಲೀಸರು ಹಗ್ಗ ಹಾಕಿ ಜಗ್ಗಿದರು."

ಅಜ್ಜ ಕೆಮ್ಮಿದ. ನಾನು ಅದನ್ನು ಮೆಚ್ಚುಗೆ ಎಂದುಕೊಂಡೆ.

"ಮುಂದ?" ಎಂದು ಬೆನ್ನ ಹಿಂದಿನಿಂದ ಯಾರೋ ಹೆಂಗಸು ಕೇಳಿದರು.

"ಮುಂದೇನು, ಎದ್ಯಾಗಿನ ಯಂತ್ರ ಗಪ್ಪಂತ ನಿಂತ ಹೋತು! ನಾನ ಓಡಿ ಹೋಗಿ..."

ಹನುಮಂತ ನೆಲ ನೋಡತೊಡಗಿದ. ನಾನು ತಿರುಗಿದೆ. ಅವ್ವ ನಿಂತಿದ್ದಳು. ಕಾಯಿಪಲ್ಲೆಯ ಚೀಲ ಕೈಯಿಂದ ಜಾರಿ, ಬದನೆಕಾಯಿಗಳು ಉರುಳುತ್ತಿದ್ದವು.

"ನಿಂತಿತ್ತಾ ಅಪ್ಪಾ?" ಎಂದಳು ಅಜ್ಜನಿಗೆ. ದನಿ ಬಹಳ ಸಣ್ಣಗಿತ್ತು.

"ಏನೂ ಆಗಿಲ್ಲವಾ. ಅಕಿ ಮಾತು ಕೇಳ್ತಿಯೇನ?"

"ನಿನ್ನ ಮಾತಂತೂ ಕೇಳಂಗಿಲ್ಲ. ರಾಶಿ ಮ್ಯಾಲೆ ಬಿದ್ದಾಗ್ಲೂ ಏನೂ ಆಗಿಲ್ಲ ಅಂದಿದ್ದಿ, ಬಾಯಾಗ ನೊರಿ ಬಂದಿತ್ತು." ನನ್ನ ಕಡೆ ತಿರುಗಿದಳು. "ಕೆಳಗಿಳಿ. ಬಣ್ಣ ಹಚ್ಚದ ಹೇಳು. ಏನಾತು?"

ಅಜ್ಜ ನನ್ನನ್ನು ನೋಡಲಿಲ್ಲ. ಗಿರಣಿಯ ಬಾಗಿಲನ್ನು ನೋಡುತ್ತಿದ್ದ. ನಾನು ಚೀಲದಿಂದ ಇಳಿದೆ.

"ಬಾಗಲ ಬರೀ ಚೌಕಟ್ಟು. ಅಜ್ಜ ದಾಟಿದ. ಪೀಂ ಅಂತು. ಕರಡಿಗಿ ನೋಡಿದ್ರು, ಬಿಟ್ರು."

"ನಿಂತಿದ್ದನ ಅದರಾಗ?"

"ಸ್ವಲ್ಪ ನಿಂತಿದ್ದ. ಬಗ್ಗಿದ್ದ."

"ಆಮ್ಯಾಲೆ?"

"ಏನೂ ಆಗಲಿಲ್ಲ."

"ತಲಿ ತಿರುಗಿತ್ತಾ?"

"ಇಲ್ಲ. ಸೊಂಟ ಹಿಡದಿತ್ತು."

"ಬರುವಾಗ?"

"ಏನೂ ಆಗಲಿಲ್ಲ."

"ಗಿರಣ್ಯಾಗ?"

"ಮೋಟಾರಿಂದ ದೂರ ಇದ್ದ. ನಾನ ನಡುವ ನಿಂತಿದ್ದೆ. ಏನೂ ಆಗಲಿಲ್ಲವ್ವಾ. ಖರೇನ ಏನೂ ಆಗಲಿಲ್ಲ."

ಇಷ್ಟು ಸಪ್ಪೆ ಕಥೆಯನ್ನು ನಾನು ಹುಟ್ಟಿದಾಗಿನಿಂದ ಹೇಳಿಲ್ಲ. "ಅಷ್ಟ ಏನು?" ಎಂದು ಹನುಮಂತ ಎದ್ದು ಹೆಗಲ ಟವೆಲ್ಲು ಕೊಡವಿದ. ಒಬ್ಬೊಬ್ಬರಾಗಿ ಎಲ್ಲರೂ ಚೀಲ ಹೊರಲು ಹೋದರು.

ಅವ್ವ ಅಜ್ಜನ ಹತ್ತಿರ ಹೋದಳು. ಮಗುವಿಗೆ ಜ್ವರ ನೋಡುವವಳಂತೆ ಅವನ ಎದೆಯ ಮೇಲೆ ಅಂಗೈ ಇಟ್ಟಳು. ಹಾಗೇ ಇಟ್ಟುಕೊಂಡು ನಿಂತಳು. ಕೈಗೆ ಸಂತೆಯ ಮಣ್ಣು ಮೆತ್ತಿತ್ತು. ಅಜ್ಜ ಅಲುಗಾಡಲಿಲ್ಲ.

"ಮೋಟಾರಿಂದ ಒಂದು ಮಾರು ದೂರ" ಎಂದಳು ಕೊನೆಗೆ. "ಆ ಅಯಸ್ಕಾಂತದ ಕಡೆ ತಲಿನೂ ಹಾಕಬ್ಯಾಡ. ಮತ್ತ..."

ಅಜ್ಜ ಅಷ್ಟೊತ್ತಿಗೆ ಎದ್ದು ಹೋಗಿಯಾಗಿತ್ತು.

ಅವ್ವ ಬದನೆಕಾಯಿ ಆರಿಸತೊಡಗಿದಳು. ಒಂದನ್ನು ಎತ್ತಿ ಚೀಲಕ್ಕೆ ಹಾಕಿ, ಇನ್ನೊಂದಕ್ಕೆ ಕೈ ಚಾಚಿದವಳು ಹಾಗೇ ನಿಂತುಬಿಟ್ಟಳು. ಒಳಗಿನಿಂದ, ಗಿರಣಿಯ ಸದ್ದನ್ನೂ ಮೀರಿ, ಒಂದು ದನಿ ಕೇಳಿಸುತ್ತಿತ್ತು.

"ಇಷ್ಟು ನುಚ್ಚ್ಯಾಕ ಬಿದ್ದತಿಲೇ? ಯಾರಲೇ ಬೆಲ್ಟ್ ಹಾಕ್ದಾಂವ? ನಾ ಇಲ್ಲಂದ್ರ ಗಿರಣಿ ಮಾರಿ ತಿಂತೀರೇನಲೇ?"

ಅವ್ವ ಮುಖ ತಿರುಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ನನ್ನ ಕಿವಿ ಹಿಡಿದಳು.

"ನೀ ಮನಿಗೆ ನಡಿ."